ಏನೂ ಹೇಳದಿದ್ದರೆ ಅದು ಏನು ಮಾಡುತ್ತದೆ

ಆಪ್ಷನ್‌ಗಳ ಪುಟವನ್ನು ಯಾರು ಬರೆಯುತ್ತೀರಿ ಎಂದು ಮ್ಯಾನೇಜರ್ ಕೇಳಿದಾಗ ಮೀಟಿಂಗ್‌ನಲ್ಲಿದ್ದವರೆಲ್ಲ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡಿಕೊಂಡರು. ನಾನೂ ನೋಡಿಕೊಂಡೆ. ಆದರೆ ನನ್ನ ಪರದೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲವಾದ್ದರಿಂದ ತಲೆ ಎತ್ತಿಬಿಟ್ಟೆ. ತಲೆ ಎತ್ತಿದವನೇ ಒಪ್ಪಿಕೊಂಡವನು ಎಂದಾಯಿತು.

ನಾನು ಕೆಲಸ ಮಾಡುವ ಕಂಪನಿ ಕಂಪೈಲರ್ ತಯಾರಿಸುತ್ತದೆ. ಪ್ರೋಗ್ರಾಂ ಬರೆಯುವವರು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಸಾಧನ ಅದು. ನಾನು ಪ್ರೋಗ್ರಾಂ ಬರೆಯುವವನಲ್ಲ, ಆ ಸಾಧನವನ್ನು ಬಳಸುವುದು ಹೇಗೆಂದು ತಿಳಿಸುವ ಪುಟಗಳನ್ನು ಬರೆಯುವವನು. ಹಿಂದೆ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಪ್ರೆಸ್ ಮುಚ್ಚಿದ ಮೇಲೆ ಅಲ್ಲೇ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಗೆ ಗ್ರೈಂಡಿಂಗ್ ಮೆಷಿನ್, ಕಂಪ್ರೆಸರ್‌ಗಳ ಕೈಪಿಡಿ ಬರೆದುಕೊಟ್ಟೆ. ಯಾವ ನಟ್ಟನ್ನು ಎಷ್ಟು ತಿರುಗಿಸಬೇಕು ಎಂದು ಬರೆದು ಬರೆದು, ಯಾರದೋ ಶಿಫಾರಸಿನಿಂದ ಈ ಕಂಪನಿಗೆ ಬಂದೆ. ತಂಡದಲ್ಲಿ ತಲೆ ನರೆತವನು ನಾನೊಬ್ಬನೇ.

ನಮ್ಮ ಕಂಪೈಲರ್ ಜೊತೆಗೆ ಕಾವಲುಗಾರರಂಥ ಎರಡು ಸಾಧನಗಳೂ ಬರುತ್ತವೆ. ಒಂದು ಮೆಮೊರಿಯನ್ನು ನೋಡಿಕೊಳ್ಳುತ್ತದೆ. ನಮ್ಮ ಬಸವೇಶ್ವರನಗರದಲ್ಲಿ ಮನೆ ಖಾಲಿ ಮಾಡಿ ಹೋದ ಬಾಡಿಗೆದಾರ ಹಳೆಯ ಬೀಗದ ಕೈ ಹಿಡಿದು ಮತ್ತೆ ಒಳಗೆ ಬಂದರೆ ಹೇಗೋ, ಪ್ರೋಗ್ರಾಂ ಕೂಡ ತಾನು ಬಿಟ್ಟುಕೊಟ್ಟ ಜಾಗಕ್ಕೆ ಮತ್ತೆ ಕೈ ಹಾಕುವುದುಂಟು. ಆಗ ಈ ಸಾಧನ ಕೂಗಿ ಹೇಳುತ್ತದೆ. ಇನ್ನೊಂದು ಥ್ರೆಡ್‌ಗಳನ್ನು, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಬೇರೆ ಬೇರೆ ಕೆಲಸಗಳನ್ನು ಗಮನಿಸುತ್ತದೆ. ಎರಡು ಕೆಲಸಗಳು ಒಂದಕ್ಕೊಂದು ತಿಳಿಸದೆ ಒಂದೇ ಜಾಗದಲ್ಲಿ ಬರೆಯಹೊರಟರೆ ಅದನ್ನು ಹಿಡಿಯುತ್ತದೆ. ನಾನೂ ನನ್ನ ಹೆಂಡತಿಯೂ ಫ್ರಿಜ್ ತೆರೆದು ಮೊಸರಿಲ್ಲವೆಂದು ನೋಡಿ, ಇಬ್ಬರೂ ಬೇರೆ ಬೇರೆ ಅಂಗಡಿಯಿಂದ ಮೊಸರು ತಂದ ದಿನಗಳಿವೆ. ಅಂಥದ್ದೇ.

ಈ ಸಾಧನಗಳು ಹೇಗೆ ನಡೆದುಕೊಳ್ಳಬೇಕೆಂದು ಪ್ರೋಗ್ರಾಂ ಓಡಿಸುವ ಮುನ್ನ ಒಂದು ಸಾಲಿನಲ್ಲಿ ಹೇಳಬಹುದು. ಮೊದಲ ತಪ್ಪಿಗೇ ನಿಲ್ಲು, ನಿಲ್ಲಬೇಡ ಮುಂದುವರಿ, ವರದಿಯನ್ನು ಈ ಫೈಲಿಗೆ ಬರೆ, ಹಿಂದೆ ನಡೆದದ್ದನ್ನು ಇನ್ನಷ್ಟು ನೆನಪಿಡು, ಹೀಗೆ. ಇವೇ ಆಪ್ಷನ್‌ಗಳು. ಇವುಗಳ ವಿವರ ಎಲ್ಲಿಯೂ ಒಟ್ಟಾಗಿ ಇರಲಿಲ್ಲ. ಎಂಜಿನಿಯರ್‌ಗಳು ತಮಗಾಗಿ ಕೋಡಿನ ಪಕ್ಕದಲ್ಲಿ ಬರೆದುಕೊಂಡ ತುಂಡು ವಾಕ್ಯಗಳಷ್ಟೇ ಇದ್ದವು.

ಮೊದಲು ನಾನು ಸುಲಭದ ದಾರಿ ಹಿಡಿದೆ. ಆ ತುಂಡು ವಾಕ್ಯಗಳನ್ನು ಎತ್ತಿ, ವ್ಯಾಕರಣ ಸರಿಪಡಿಸಿ, ಅಕಾರಾದಿಯಾಗಿ ಜೋಡಿಸಿದೆ. ನೋಡಲು ಚೆನ್ನಾಗಿತ್ತು. ಭಾನುವಾರ ಬೆಳಗ್ಗೆ ಅದನ್ನು ನನ್ನ ಹೆಂಡತಿಯ ಮುಂದೆ ಇಟ್ಟೆ. ಅವಳು ಕುರುಬರಹಳ್ಳಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಕಂಪ್ಯೂಟರ್ ವಿಷಯ ಅವಳಿಗೆ ಬೇಡ, ಆದರೆ ನಾನು ಬರೆದದ್ದನ್ನೆಲ್ಲ ಓದುತ್ತಾಳೆ. ಪ್ರೆಸ್ಸಿನ ದಿನಗಳಿಂದ ಬಂದ ಅಭ್ಯಾಸ.

ದೋಸೆ ಹಿಟ್ಟಿನ ಪಾತ್ರೆ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಓದಿದಳು. "ರೀ, ಇದ್ರಲ್ಲಿ ಏನೂ ಬರೀದೆ ಇದ್ರೆ ಎಷ್ಟು ಅಂತಾನೇ ಇಲ್ವಲ್ಲ," ಎಂದಳು.

"ಎಷ್ಟು ಅಂದ್ರೆ?"

"ಡಾಕ್ಟ್ರು ಚೀಟೀಲಿ ಮಾತ್ರೆ ಹೆಸರು ಬರೆದು ಎಷ್ಟು ಸಲ ಅಂತ ಬರೀದೆ ಬಿಟ್ಟಿರ್ತಾರೆ. ಆಗ ನಾವು ಫೋನ್ ಮಾಡಿ ಕೇಳ್ತೀವಿ. ನಿಮ್ಮ ಈ ಸಾಮಾನು ಯಾರಿಗೂ ಫೋನ್ ಮಾಡಲ್ಲ ಅಲ್ವಾ? ಏನೂ ಹೇಳದೆ ಇದ್ರೆ ಅದು ಏನು ಮಾಡುತ್ತೆ?"

ನನಗೆ ಗೊತ್ತಿರಲಿಲ್ಲ. ಅವಳು ಇನ್ನೂ ಓದುತ್ತಿದ್ದಳು. "ಮತ್ತೆ ಜಾಸ್ತಿ ಕೊಟ್ರೆ ಏನಾಗುತ್ತೆ ಅನ್ನೋದೂ ಇಲ್ಲ. ಮೈ ಉರಿಯುತ್ತಾ, ನಿದ್ದೆ ಬರುತ್ತಾ?" ಎಂದು ನಕ್ಕು ಎದ್ದು ಹೋದಳು. ಕಾವಲಿ ಕಾದಿತ್ತು.

ಆ ದಿನವೇ ಪುಟವನ್ನು ಅಳಿಸಿಹಾಕಿದೆ. ಪ್ರತಿಯೊಂದು ಆಪ್ಷನ್‌ಗೂ ಮೂರು ಮಾತು ಹೇಳಲೇಬೇಕೆಂದು ನಿರ್ಧರಿಸಿದೆ: ಏನೂ ಹೇಳದಿದ್ದರೆ ಏನು, ಹೇಳಿದರೆ ಏನು, ಹೇಳಿದ್ದಕ್ಕೆ ತೆರಬೇಕಾದದ್ದೇನು. ಇದನ್ನು ಕೋಡಿನ ಪಕ್ಕದ ಟಿಪ್ಪಣಿಯಿಂದ ಎತ್ತಲಾಗುವುದಿಲ್ಲ. ತಪ್ಪಿರುವ ಚಿಕ್ಕ ಚಿಕ್ಕ ಪ್ರೋಗ್ರಾಂ ಬರೆದು, ಓಡಿಸಿ, ಕಣ್ಣಾರೆ ನೋಡಬೇಕು. ಇಲ್ಲವೇ ಬಲ್ಲವರನ್ನು ಕೇಳಬೇಕು.

ಬಲ್ಲವಳು ಒಬ್ಬಳಿದ್ದಳು. ಥ್ರೆಡ್ ನೋಡುವ ಸಾಧನವನ್ನು ಬಹುಪಾಲು ಬರೆದಿದ್ದ ಎಂಜಿನಿಯರ್, ಗದಗಿನ ಕಡೆಯ ಹುಡುಗಿ. ವಿಜಯನಗರದ ಒಂದು ಪಿಜಿಯಲ್ಲಿ ಇರುತ್ತಿದ್ದಳು. ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತರೆ ಊಟದ ಹೊತ್ತಿಗೇ ತೆಗೆಯುವುದು. ನಾನು ಎರಡು ಮೂರು ಸಲ ಅವಳ ಟೇಬಲ್ ಬಳಿ ನಿಂತು ಬಂದೆ. "ಆಮ್ಯಾಲೆ ಹೇಳ್ತೀನ್ರಿ ಸರ್," ಎನ್ನುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ.

ಒಂದು ಬೆಳಗ್ಗೆ ವಿಜಯನಗರ ಮೆಟ್ರೋ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅವಳು ಸಿಕ್ಕಳು. ನಾನು ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬಂದು ಅಲ್ಲಿ ರೈಲು ಹತ್ತುವವನು. ನಮ್ಮ ಆಫೀಸು ಊರಿನ ಆ ತುದಿಯಲ್ಲಿದೆ. ಕೆಂಗೇರಿ ಕಡೆಯಿಂದ ಬರುವ ರೈಲು ಆ ಹೊತ್ತಿಗೆ ತುಂಬಿರುತ್ತದೆ. ಇಬ್ಬರೂ ಬಾಗಿಲ ಬಳಿ ಒತ್ತಿಕೊಂಡು ನಿಂತೆವು. ಅವಳ ಕಿವಿಯಲ್ಲಿ ಹೆಡ್‌ಫೋನ್ ಇರಲಿಲ್ಲ. ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದೆ. ಉತ್ತರ ಕೊಟ್ಟಳು. ಇನ್ನೊಂದು ಕೇಳಿದೆ. ಅದಕ್ಕೂ ಕೊಟ್ಟಳು. ಮಾಗಡಿ ರೋಡ್ ದಾಟಿ ರೈಲು ಸುರಂಗಕ್ಕೆ ಇಳಿದಾಗ, "ಇಲ್ಲೇ ಕೇಳ್ರಿ ಸರ್ ದಿನಾ. ಆಫೀಸ್‌ನ್ಯಾಗ ನನಗ ತಲಿ ಎತ್ತಾಕ ಆಗಂಗಿಲ್ಲ. ಟ್ರೇನ್‌ನ್ಯಾಗ ನನಗೇನು ಕೆಲಸ ಐತಿ?" ಎಂದಳು.

ಹಾಗೆ ಆ ಪುಟದ ಬಹುಭಾಗ ಮೆಟ್ರೋದಲ್ಲಿ ತಯಾರಾಯಿತು. ಮೆಜೆಸ್ಟಿಕ್‌ನಲ್ಲಿ ಅರ್ಧ ಜನ ಇಳಿದು ಅಷ್ಟೇ ಜನ ಹತ್ತುವ ಗದ್ದಲದಲ್ಲಿ ಮಾತು ತುಂಡಾಗುತ್ತಿತ್ತು. ಮುಂದೆ ಎಲ್ಲೋ ಕೂರಲು ಜಾಗ ಸಿಕ್ಕಿದರೆ ನಾನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಕ್ಕಪಕ್ಕದವರು ಮೊದಮೊದಲು ನಮ್ಮನ್ನು ತಂದೆ ಮಗಳು ಎಂದುಕೊಂಡಿರಬೇಕು. ಇಬ್ಬರ ಕನ್ನಡ ಕೇಳಿದ ಮೇಲೆ ಆ ಅನುಮಾನ ಉಳಿಯುತ್ತಿರಲಿಲ್ಲ.

ಎರಡೂ ಸಾಧನಗಳಲ್ಲಿ ಒಂದೇ ಹೆಸರಿನ ಆಪ್ಷನ್ ಒಂದಿದೆ. ತಪ್ಪು ಕಂಡಾಗ ನಿಲ್ಲಬೇಕೇ ಬೇಡವೇ ಎಂಬುದು ಅದರ ಅರ್ಥ. ನಾನು ಓಡಿಸಿ ನೋಡಿದಾಗ, ಏನೂ ಹೇಳದಿದ್ದರೆ ಮೆಮೊರಿ ಸಾಧನ ಮೊದಲ ತಪ್ಪಿಗೇ ನಿಂತುಬಿಟ್ಟಿತು. ಥ್ರೆಡ್ ಸಾಧನ ಕೂಗಿ ಹೇಳಿ ಮುಂದುವರಿಯಿತು. ಇದನ್ನು ಅವಳಿಗೆ ಹೇಳಿದೆ.

"ಅದು ಎಲ್ಲಾರಿಗೂ ಗೊತ್ತಿರೂದ ಐತಲ್ರಿ," ಎಂದಳು.

"ನಂಗೆ ಗೊತ್ತಿರ್ಲಿಲ್ಲಮ್ಮ."

"ಹೌದ್ರಿ, ನಾ ಬರದೀನಂತ ನನಗ ಗೊತ್ತು," ಎಂದಳು. ಆಮೇಲಿಂದ ಎಲ್ಲರಿಗೂ ಗೊತ್ತು ಎಂಬ ಮಾತು ಅವಳ ಬಾಯಲ್ಲಿ ಕಡಿಮೆಯಾಯಿತು.

ಮುಂದಿನ ವಾರ ನಾನೊಂದು ಪೆದ್ದು ಕೆಲಸ ಮಾಡಿದೆ. ಪ್ರೋಗ್ರಾಂ ಪಡೆದ ಮೆಮೊರಿಯನ್ನು ಹಿಂತಿರುಗಿಸದೆ ಮುಗಿದರೆ, ಅಂದರೆ ಸೋರಿಕೆಯಾದರೆ, ಮೆಮೊರಿ ಸಾಧನ ಕೊನೆಯಲ್ಲಿ ಹೇಳುತ್ತದೆ. ಬೇಡವೆಂದರೆ ಅದನ್ನು ಆರಿಸಬಹುದು. ನಾನು ಆರಿಸಿದೆ. ಅದು ಆರಲಿಲ್ಲ. ಮತ್ತೆ ಮತ್ತೆ ಮಾಡಿದೆ, ಸೋರಿಕೆಯ ವರದಿ ಬರುತ್ತಲೇ ಇತ್ತು. ಮರುದಿನ ರೈಲಿನಲ್ಲಿ ಅವಳಿಗೆ, "ನಿಮ್ಮ ಸೋರಿಕೆ ಆಪ್ಷನ್ ಕೆಲಸ ಮಾಡಲ್ಲಮ್ಮ," ಎಂದೆ, ಸ್ವಲ್ಪ ಜಂಬದಿಂದಲೇ.

"ಏನ್ ಕೊಟ್ಟೀರಿ, ತೋರಸ್ರಿ."

ಮೊಬೈಲಿನಲ್ಲಿ ತೋರಿಸಿದೆ. ನೋಡಿದಳು. ತುಟಿ ಬಿಗಿಹಿಡಿದಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಸರ್, ಕಡೀಕ ಒಂದು ಎಸ್ ಬಿಟ್ಟೀರಿ."

ಇಪ್ಪತ್ತು ವರ್ಷಕ್ಕೂ ಮೀರಿ ಬೇರೆಯವರ ಕಾಗುಣಿತ ತಿದ್ದಿದವನು ನಾನು. ಕಿವಿಯವರೆಗೂ ಬಿಸಿಯಾಯಿತು. ಆದರೆ ನಾಚಿಕೆ ಇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂತು. "ಸರಿ, ನಾನು ತಪ್ಪು ಬರೆದೆ. ಅದು ಯಾಕೆ ಸುಮ್ಮನಿತ್ತು? ಈ ಹೆಸರು ನಂಗೆ ಗೊತ್ತಿಲ್ಲ ಅಂತ ಹೇಳಬೇಕಿತ್ತಲ್ಲ?"

"ಹೇಳತೈತ್ರಿ. ಹೆಚ್ಚು ಮಾತಾಡು ಅಂತ ಇನ್ನೊಂದು ಆಪ್ಷನ್ ಐತಿ. ಅದನ್ನ ಕೊಟ್ರ ಹೇಳತೈತಿ."

"ಇಲ್ಲದಿದ್ರೆ?"

"ಇಲ್ಲಂದ್ರ ಸುಮ್ಮನ ಇರ್ತೈತಿ."

"ಹಾಗಾದ್ರೆ ತಪ್ಪು ಬರೆದೋನಿಗೆ ತಾನು ತಪ್ಪು ಬರೆದಿದೀನಿ ಅಂತ ಗೊತ್ತಾಗೋದು ಹೇಗೆ?"

ಎಂದಿನಿಂದಲೋ ಹಾಗೆಯೇ ಇದೆ ಎಂದಳು. ನಾನು ಆ ಸಂಗತಿಯನ್ನು ಪುಟದ ತಲೆಯಲ್ಲೇ, ಮೊದಲ ಆಪ್ಷನ್‌ಗಿಂತ ಮುಂಚೆ ಬರೆದೆ. ನೀವು ಕೊಟ್ಟ ಹೆಸರು ಸಾಧನಕ್ಕೆ ಗೊತ್ತಿಲ್ಲದಿದ್ದರೆ ಅದು ಏನೂ ಹೇಳುವುದಿಲ್ಲ. ಹೆಸರು ಸರಿಯಾಗಿದೆಯೇ ಎಂದು ತಿಳಿಯಲು ಹೀಗೆ ಮಾಡಿ, ಎಂದು. ಇಂಗ್ಲಿಷಿನಲ್ಲಿ ಎರಡೇ ವಾಕ್ಯ. ಬರೆಯುವಾಗ ಯಾರಿಗೂ ಇದು ಬೇಕಾಗಲಾರದು, ನನ್ನಂಥ ಪೆದ್ದನಿಗಷ್ಟೇ ಎಂದುಕೊಂಡೆ.

ಆ ಘಟನೆಯಿಂದ ನನ್ನ ಮಾತಿಗೆ ಬೆಲೆ ಕಡಿಮೆಯಾಯಿತು. ಅದು ತಿಳಿದದ್ದು ಸ್ವಲ್ಪ ದಿನದ ಮೇಲೆ. ಥ್ರೆಡ್ ಸಾಧನ ಒಂದೇ ಜಾಗದ ತಪ್ಪನ್ನು ಮತ್ತೆ ಮತ್ತೆ ಹೇಳುವುದಿಲ್ಲ, ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಪ್ರತಿಸಲವೂ ಹೇಳು ಎನ್ನಲು ಒಂದು ಆಪ್ಷನ್ ಇತ್ತು. ಅದನ್ನು ಕೊಟ್ಟೆ. ಆದರೂ ಒಮ್ಮೆಯೇ ಹೇಳಿತು. ಈ ಸಲ ಒಂದೊಂದು ಅಕ್ಷರವನ್ನೂ ಪ್ರೆಸ್ಸಿನಲ್ಲಿ ಮಾಡುತ್ತಿದ್ದ ಹಾಗೆ ಹಿಂದಿನಿಂದ ಮುಂದಕ್ಕೆ ಓದಿದೆ. ಕಾಗುಣಿತ ಸರಿಯಿತ್ತು. ಹೆಚ್ಚು ಮಾತಾಡು ಎಂಬುದನ್ನೂ ಕೊಟ್ಟೆ. ಹೆಸರು ಗೊತ್ತಿಲ್ಲವೆಂದು ಅದು ಹೇಳಲಿಲ್ಲ. ಅಂದರೆ ಹೆಸರು ಗೊತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ.

ಬೆಳಗ್ಗೆ ರೈಲಿನಲ್ಲಿ ಅವಳಿಗೆ ಹೇಳಿದೆ. ಅವಳು ಹೊರಗೆ ನೋಡುತ್ತ, "ಸ್ಪೆಲಿಂಗ್ ನೋಡ್ರಿ ಸರ್," ಎಂದಳು.

"ನೋಡಿದೀನಮ್ಮ."

"ಇನ್ನೊಮ್ಮೆ ನೋಡ್ರಿ. ಆ ಭಾಗ ಪೂರ್ತಿ ನಾನ ಹೊಸದಾಗಿ ಬರದೀನಿ. ಟೆಸ್ಟ್ ಎಲ್ಲಾ ಪಾಸ್ ಆಗ್ಯಾವು."

"ಈ ಆಪ್ಷನ್‌ಗೆ ಟೆಸ್ಟ್ ಇದೆಯಾ?"

ಆ ಪ್ರಶ್ನೆ ಕೇಳಬಾರದಿತ್ತೇನೋ. ಕೇಳಿದ ಧಾಟಿಯಾದರೂ ಬೇರೆ ಇರಬೇಕಿತ್ತು. ಅವಳ ಮುಖ ಗಂಟಾಯಿತು. "ಸರ್, ನೀವು ಪೇಜ್ ಬರೀರಿ. ಟೆಸ್ಟ್ ನಾವು ನೋಡ್ಕೋತೀವಿ," ಎಂದು ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಹಾಕಿಕೊಂಡಳು. ಮರುದಿನ ಪ್ಲಾಟ್‌ಫಾರ್ಮಿನಲ್ಲಿ ಕಾಣಲಿಲ್ಲ, ಮುಂದಿನ ಡಬ್ಬಿಯಲ್ಲಿ ಹತ್ತಿದ್ದಳೆಂದು ಇಳಿಯುವಾಗ ಗೊತ್ತಾಯಿತು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ನಾನೇನು ತಪ್ಪು ಕೇಳಿದೆ?" ಎಂದೆ.

"ತಪ್ಪೇನಿಲ್ಲ. ಆದ್ರೆ ತಾನು ಮಾಡಿದ ಅಡುಗೇಲಿ ಉಪ್ಪಿಲ್ಲ ಅಂತ ನಾಲ್ಕು ಜನದ ಮಧ್ಯೆ ಹೇಳಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. ರೈಲಲ್ಲಿ ನೂರು ಜನ. ನೀವು ಮಾಡಿದ್ದನ್ನ ಹಾಗೇ ಕಳಿಸ್ಕೊಡಿ ಆ ಹುಡುಗಿಗೆ. ಅವಳೇ ನೋಡ್ಕೊಳ್ಲಿ."

ಹಾಗೆಯೇ ಮಾಡಿದೆ. ನನ್ನ ಪುಟ್ಟ ಪ್ರೋಗ್ರಾಂ, ಕೊಟ್ಟ ಸಾಲು, ಬಂದ ವರದಿ, ಇಷ್ಟನ್ನೇ ಕಳಿಸಿದೆ. ಜೊತೆಗೆ ಒಂದು ಮಾತೂ ಬರೆಯಲಿಲ್ಲ.

ವಾರ ಮುಗಿಯುವ ಮೊದಲೇ ಅವಳು ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಳು. ರೈಲು ಬರುವುದು ಕಾಣುತ್ತಿತ್ತು. "ಸರ್, ನೀವು ಹೇಳಿದ್ದು ಖರೆ ಐತಿ," ಎಂದಳು. "ನಾ ಹೊಸದಾಗಿ ಬರಿಯೂವಾಗ ಅದನ್ನ ಓದೂದ ಬಿಟ್ಟೇನಿ. ಹೆಸರು ಐತಿ, ಹಿಂದ ಏನೂ ಇಲ್ಲ. ನಿನ್ನೆ ಸರಿ ಮಾಡೀನಿ. ಟೆಸ್ಟೂ ಹಾಕೀನಿ."

"ಆಯ್ತಮ್ಮ," ಎಂದೆ.

ರೈಲು ಹತ್ತಿದ ಮೇಲೆ ಅವಳೇ ಮುಂದುವರಿಸಿದಳು. "ಇನ್ನೊಂದು ಮಾಡೀನ್ರಿ. ಹೆಸರು ತಪ್ಪು ಕೊಟ್ರ ಸುಮ್ಮನ ಇರಬಾರದು, ಹೇಳಬೇಕು ಅಂತ ಬದಲಿ ಮಾಡಾಕ ಕೇಳೀನಿ. ಮ್ಯಾನೇಜರ್ ಒಪ್ಪ್ಯಾರ. ಮುಂದಿನ ರಿಲೀಸ್‌ನ್ಯಾಗ ಬರ್ತೈತಿ. ಇವತ್ತ ಏನ್ ಕೇಳವ್ರು ಇದ್ರಿ, ಕೇಳ್ರಿ."

ಆ ಬೆಳಗ್ಗೆ ನಾವು ಹಿಸ್ಟರಿ ಆಪ್ಷನ್ ಮುಗಿಸಿದೆವು. ಥ್ರೆಡ್ ಸಾಧನ ತಪ್ಪು ಹಿಡಿದಾಗ ಅದರಲ್ಲಿ ಸಿಕ್ಕಿಕೊಂಡ ಎರಡು ಕಡೆಗಳನ್ನೂ ತೋರಿಸಬೇಕು: ಈಗ ಬರೆದವರು ಯಾರು, ಮೊದಲು ಬರೆದವರು ಯಾರು. ಮೊದಲು ಬರೆದದ್ದು ತುಂಬ ಹಿಂದೆಯಾಗಿದ್ದರೆ ಅದು ಮರೆತಿರುತ್ತದೆ. ಆಗ ವರದಿಯ ಅರ್ಧದಲ್ಲಿ, ಯಾರೆಂದು ತಿಳಿಯಲಾಗಲಿಲ್ಲ ಎಂದು ಮಾತ್ರ ಬರುತ್ತದೆ. ಹಿಸ್ಟರಿ ಹೆಚ್ಚಿಸಿದರೆ ಇನ್ನೂ ಹಿಂದಿನದು ನೆನಪಿರುತ್ತದೆ, ಬದಲಿಗೆ ಹೆಚ್ಚು ಮೆಮೊರಿ ತಿನ್ನುತ್ತದೆ. ಇದನ್ನು ಬರೆಯುವಾಗ ಅವಳೇ, "ಮೈ ಉರೀತೈತೇನು ಅನ್ನೂದು ಹಾಕಿದ್ರ್ಯಾ ಸರ್?" ಎಂದು ಕೇಳಿದಳು. ನನ್ನ ಹೆಂಡತಿಯ ಮಾತನ್ನು ಯಾವಾಗಲೋ ಹೇಳಿದ್ದೆ.

ಪುಟ ಹೊರಬಂತು. ಮ್ಯಾನೇಜರ್ ಒಂದು ಸಾಲಿನ ಮೆಚ್ಚುಗೆ ಬರೆದರು, ಕೆಲವರು ಹೆಬ್ಬೆರಳಿನ ಚಿತ್ರ ಹಾಕಿದರು. ಅಷ್ಟೇ. ಬರೆದದ್ದನ್ನು ಯಾರು ಓದುತ್ತಾರೆ ಎಂಬುದು ನಮ್ಮ ಕಸುಬಿನಲ್ಲಿ ಗೊತ್ತಾಗುವುದಿಲ್ಲ. ಪುಟದ ಕೆಳಗೆ ಅಭಿಪ್ರಾಯ ಕಳಿಸಲು ವಿಳಾಸವಿದ್ದರೂ ಅಲ್ಲಿಗೆ ಬರುವುದೆಲ್ಲ ಜಾಹೀರಾತು. ಕಂಪ್ರೆಸರ್ ಕೈಪಿಡಿ ಬರೆಯುತ್ತಿದ್ದಾಗಲೂ ಹೀಗೆಯೇ ಇತ್ತು. ನನಗೆ ಅದರ ಬಗ್ಗೆ ದೂರೇನಿರಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಮ್ಯಾನೇಜರ್ ನನಗೊಂದು ಮೇಲ್ ರವಾನಿಸಿದರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಮಾಲೀಕರದು. ಆಪ್ಷನ್‌ಗಳ ಪುಟ ಬರೆದವರ ಜೊತೆ ಮಾತಾಡಬೇಕು ಎಂದಷ್ಟೇ ಇತ್ತು. ಏನೋ ಎಡವಟ್ಟಾಗಿದೆ ಎಂದುಕೊಂಡು ಫೋನ್ ಮಾಡಿದೆ. ಮೊದಲು ಇಂಗ್ಲಿಷಿನಲ್ಲಿ ಶುರುವಾದದ್ದು ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ತಿರುಗಿತು.

"ಕನ್ನಡದೋರಾ? ಒಳ್ಳೇದಾಯ್ತು ಬಿಡಿ ಸಾರ್," ಎಂದರು. ಧ್ವನಿ ನನ್ನ ವಯಸ್ಸಿನವರದು. "ನಾವು ಹಾಲು ಟೆಸ್ಟ್ ಮಾಡೋ ಮೆಷಿನ್ ಮಾಡ್ತೀವಿ. ಹಳ್ಳಿ ಡೈರಿಗಳಲ್ಲಿ ಇಟ್ಟಿರ್ತಾರೆ. ರೈತ ಹಾಲು ತಂದು ಹುಯ್ಯುತ್ಲೂವೇ ಕೊಬ್ಬು ಎಷ್ಟು ಅಂತ ತೋರ್ಸುತ್ತೆ. ಒಂದೊಂದ್ಸಲ ಏನಾಗೋದು ಅಂದ್ರೆ, ಹಿಂದೆ ನಿಂತಿದ್ದೋನ ಹಾಲಿಗೆ ಮುಂದಿದ್ದೋನ ನಂಬರ್ ಬರೋದು. ಯಾವಾಗ್ಲೂ ಅಲ್ಲ. ನಾವು ಕೂತು ನೋಡ್ತಾ ಇದ್ರೆ ಬರ್ತಾನೇ ಇರ್ಲಿಲ್ಲ."

ಸೆನ್ಸರ್ ಓದುವ ಕೆಲಸ ಒಂದು, ಅಂಕಿ ತೋರಿಸುವ ಕೆಲಸ ಇನ್ನೊಂದು. ಎರಡೂ ಒಟ್ಟಿಗೆ ನಡೆಯುತ್ತವೆ. ನಮ್ಮ ಥ್ರೆಡ್ ಸಾಧನದ ಹಳೆಯ ರಿಲೀಸ್ ಹಾಕಿ ಓಡಿಸಿದಾಗ ತಪ್ಪು ಸಿಕ್ಕಿತಂತೆ, ಆದರೆ ಅರ್ಧ ಮಾತ್ರ. ಮೊದಲು ಬರೆದವರು ಯಾರೆಂದು ತಿಳಿಯಲಾಗಲಿಲ್ಲ ಎಂದೇ ಬರುತ್ತಿತ್ತಂತೆ.

"ಹಿಸ್ಟರಿ ಜಾಸ್ತಿ ಮಾಡಿ ಅಂತ ಎಲ್ಲೋ ಇಂಟರ್‌ನೆಟ್ಟಲ್ಲಿ ಓದಿದ್ವಿ. ಮಾಡಿದ್ವಿ. ಊಹೂಂ. ಇನ್ನೂ ಜಾಸ್ತಿ ಮಾಡಿದ್ವಿ. ಅದೇ ಕಥೆ. ಈ ಟೂಲೇ ಸರಿಯಿಲ್ಲ ಅಂತ ನಮ್ಮ ಹುಡುಗರು ಕೈ ಬಿಟ್ರು. ಆಮೇಲೆ ನಿಮ್ಮ ಪೇಜು ಸಿಕ್ತು. ಶುರುಲೇ ಬರೆದಿದೀರಲ್ಲ, ಹೆಸರು ಗೊತ್ತಿಲ್ದಿದ್ರೆ ಸುಮ್ಮನಿರುತ್ತೆ ಅಂತ. ನೀವು ಹೇಳ್ದಂಗೆ ಮಾಡಿ ನೋಡಿದ್ರೆ, ನಾವು ಕೊಡ್ತಾ ಇದ್ದ ಹೆಸರೇ ಅದಕ್ಕೆ ಗೊತ್ತಿಲ್ಲ. ಎರಡು ಪದದ ಮಧ್ಯೆ ಅಡಿಗೆರೆ ಹಾಕೋ ಬದ್ಲು ಬರೀ ಅಡ್ಡಗೆರೆ ಹಾಕಿದ್ವಿ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. "ಆಮೇಲೆ?"

"ಆಮೇಲೇನು, ಸರಿಯಾಗಿ ಹಾಕ್ತಿದ್ದಂಗೇ ಸಿಕ್ತು. ಮೆಷಿನ್ ಆನ್ ಆದಾಗ ತಾನೇ ಅಳತೆ ಸರಿ ಮಾಡ್ಕೊಳ್ಳೋ ಒಂದು ಭಾಗ ಇದೆ. ಅದು ಮುಗೀತು ಅಂತ ನಾವು ತಿಳ್ಕೊಂಡಿದ್ವಿ, ಅದು ಆಗಾಗ ಎದ್ದು ಹಿಂದಿನ ನಂಬರನ್ನೇ ವಾಪಸ್ ಬರೀತಾ ಇತ್ತು. ಒಂದು ಬರೀವಾಗ ಇನ್ನೊಂದು ಮುಟ್ಟದ ಹಾಗೆ ಒಂದು ಲಾಕ್ ಹಾಕಿದ್ವಿ, ಈಗ ಸರಿ ಹೋಯ್ತು. ಡೈರಿಗಳಿಗೆಲ್ಲ ಹೊಸ ಪ್ರೋಗ್ರಾಂ ಕಳಿಸಿದೀವಿ. ನಿಮಗೆ ಹೇಳ್ಬೇಕು ಅನ್ನಿಸ್ತು, ಅಷ್ಟೇ ಸಾರ್. ಬೇರೇನಿಲ್ಲ."

ಯಾವುದೋ ಹಳ್ಳಿಯ ಡೈರಿಯಲ್ಲಿ ಬೆಳಗಿನ ಜಾವ ಕ್ಯಾನ್ ಹಿಡಿದು ನಿಂತವರಿಗೆ ಇನ್ನು ಮುಂದೆ ಅವರದೇ ಹಾಲಿನ ಅಂಕಿ ಬರುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಂಡೆ. ಅವರಿಗೆ ನಮ್ಮ ಪುಟದ ಸುದ್ದಿ ಎಂದೂ ತಿಳಿಯದು, ತಿಳಿಯಬೇಕಾದ್ದೂ ಇಲ್ಲ. ಆದರೆ ನನಗೆ ತಿಳಿಯಿತಲ್ಲ, ಅದು ದೊಡ್ಡದೆನಿಸಿತು.

ಮಾತು ಮುಗಿಸುವ ಮುನ್ನ ಅವರು, "ಎಲ್ಲಿರೋದು ಸಾರ್ ನೀವು?" ಎಂದರು.

"ಬಸವೇಶ್ವರನಗರ."

"ಅಯ್ಯೋ, ನಾನು ಕುರುಬರಹಳ್ಳಿ. ಅಲ್ಲೇ ಹುಟ್ಟಿದ್ದು, ಅಲ್ಲೇ ಇರೋದು. ಶನಿವಾರ ಕಾಫಿಗೆ ಸಿಗೋಣ ಬನ್ನಿ."

ಎಂಜಿನಿಯರ್ ಹುಡುಗಿಗೆ ಇದನ್ನೆಲ್ಲ ಅಂದೇ ಸಂಜೆ ರೈಲಿನಲ್ಲಿ ಹೇಳಿದೆ. ಆಫೀಸಿನ ಕಡೆಯಿಂದಲೇ ಹೊರಡುವ ರೈಲಾದ್ದರಿಂದ ಇಬ್ಬರಿಗೂ ಕೂರಲು ಜಾಗ ಸಿಕ್ಕಿತ್ತು. ಅವಳು ಪೂರ್ತಿ ಕೇಳಿದಳು. ಮತ್ತೊಮ್ಮೆ ಹೇಳ್ರಿ ಎಂದಳು. ಮತ್ತೊಮ್ಮೆ ಹೇಳಿದೆ.

"ಸರ್, ನಾ ಮೂರು ವರ್ಷದಿಂದ ಇದನ್ನ ಮಾಡಾಕತ್ತೀನಿ. ಇದನ್ನ ಯಾರು, ಯಾಕ ಬಳಸ್ತಾರಂತ ನನಗ ಗೊತ್ತ ಇರಲಿಲ್ಲ ನೋಡ್ರಿ," ಎಂದಳು. ಆಮೇಲೆ, "ನಮ್ಮನ್ಯಾಗೂ ಎಮ್ಮಿ ಅದಾವ್ರಿ. ನಮ್ಮ ಅವ್ವ ದಿನಾ ಡೈರಿಗೆ ಹಾಲು ಹಾಕ್ತಾಳ," ಎಂದಳು.

"ಅಲ್ಲಿ ಯಾವ ಮೆಷಿನ್?"

"ಯಾರಿಗ್ಗೊತ್ರಿ. ಕೇಳ್ತೀನಿ."

ಶನಿವಾರ ಅವಳನ್ನೂ ಬರಹೇಳಿದೆ. ಕುರುಬರಹಳ್ಳಿಯ ಒಂದು ದರ್ಶಿನಿಯ ಮುಂದೆ ನಿಂತುಕೊಂಡೇ ಕಾಫಿ ಕುಡಿದೆವು. ಹಾಲಿನ ಮೆಷಿನ್ನಿನವರು ಎತ್ತರದ ಆಳು, ಅಂಗಿಯ ತೋಳು ಮಡಿಚಿ ಬಿಳಿ ಪಂಚೆ ಉಟ್ಟಿದ್ದರು. ಶನಿವಾರ ಭಾನುವಾರ ಪ್ಯಾಂಟ್ ಹಾಕುವುದಿಲ್ಲ ಎಂದರು. ಎದುರಿನ ಸಾಲು ಮನೆಗಳ ಕಡೆ ಕೈ ತೋರಿಸಿ, "ಇಲ್ಲೆಲ್ಲ ನಮ್ಮ ತಾತಂದಿರ ರಾಗಿ ಹೊಲ. ಈಗ ಬಾಡಿಗೆ ಮನೆ. ನಂಗೆ ಮನೆ ಕಾಯ್ಕೊಂಡು ಕೂರಕ್ಕೆ ಬೇಜಾರು, ಅದಕ್ಕೆ ಮೆಷಿನ್ ಹಿಡ್ಕೊಂಡೆ," ಎಂದರು. ಹುಡುಗಿ ಅವರ ಕೈಯಿಂದ ವರದಿಯನ್ನು ಮೊಬೈಲಿನಲ್ಲಿ ತರಿಸಿಕೊಂಡು, ಕಾಫಿ ಆರಿಹೋಗುವವರೆಗೂ ಓದಿದಳು. ಲಾಕ್ ಹಾಕಿದ ಜಾಗ ಸರಿಯಿದೆ, ಇನ್ನೊಂದು ಕಡೆಯೂ ಹಾಕಿದರೆ ಒಳ್ಳೆಯದು ಎಂದು ತೋರಿಸಿದಳು. ಅವರು ಗಂಭೀರವಾಗಿ ತಲೆಯಾಡಿಸಿ, ಅಲ್ಲಿಂದಲೇ ತಮ್ಮ ಕಾರ್ಖಾನೆಗೆ ಫೋನ್ ಮಾಡಿ ಹೇಳಿದರು.

ಹೊರಡುವಾಗ ಅವರ ಕಾರಿನ ಡಿಕ್ಕಿಯಿಂದ ದೊಡ್ಡದೊಂದು ಚೀಲ ಇಳಿಸಿದರು. ಮಾಗಡಿ ಕಡೆಯ ನೆಂಟರ ಹೊಲದ ಅವರೇಕಾಯಿ. ಬೇಡವೆಂದರೆ ಕೇಳಲಿಲ್ಲ. "ಸೊಗಡು ನೋಡಿ ಸಾರ್, ಬೆರಳಿಗೆ ಅಂಟ್ಕೊಳ್ಳುತ್ತೆ," ಎಂದು ನನ್ನ ಸ್ಕೂಟರಿನ ಮುಂದೆ ಅವರೇ ಇಟ್ಟರು.

ಅಷ್ಟು ಕಾಯನ್ನು ಇಬ್ಬರೇ ಸುಲಿಯಲಾಗುವುದಿಲ್ಲವೆಂದು ಹೆಂಡತಿ ಹುಡುಗಿಯನ್ನು ಭಾನುವಾರ ಮನೆಗೆ ಕರೆದಳು. ಬಿಸಿಲು ಬೀಳುವ ಕಡೆ ಪೇಪರ್ ಹಾಸಿ ಮೂವರೂ ಕುಳಿತೆವು. ಕಾಳನ್ನು ನೆನೆಸಿ ಸಿಪ್ಪೆ ಹಿಚುಕುವುದನ್ನು ಹೆಂಡತಿ ತೋರಿಸಿಕೊಟ್ಟಳು. ಹುಡುಗಿಯ ಬೆರಳಿನಿಂದ ಒಂದೆರಡು ಕಾಳು ಹಾರಿ ಟಿವಿಯ ಕೆಳಗೆ ಹೋದವು.

"ಇದಕ್ಕ ರೊಟ್ಟಿ ಮಾಡ್ತೀರೇನ್ರಿ ಆಂಟಿ?"

"ಮುದ್ದೆ ಮಾಡ್ತೀನಿ. ತಿಂತೀಯಾ?"

"ನುಂಗಾಕ ಬರಂಗಿಲ್ರಿ ನನಗ."

"ಅಗಿದೇ ತಿನ್ನು, ಯಾರೂ ಬೈಯಲ್ಲ."

ಆಮೇಲೆ ಹೆಂಡತಿ ಅವಳನ್ನು, ಊರಿನಲ್ಲಿ ನೀನು ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ಏನು ಹೇಳುತ್ತೀ ಎಂದು ಕೇಳಿದಳು. ನನಗೂ ಅದು ಬೇಕಾಗಿತ್ತು. ನನ್ನ ಕೆಲಸವನ್ನು ನೆಂಟರಿಗೆ ವಿವರಿಸುವುದು ಇಂದಿಗೂ ನನಗೆ ಬಂದಿಲ್ಲ.

"ಇಷ್ಟು ದಿನ ಕಂಪ್ಯೂಟರ್ ಕೆಲಸ ಅಂತಿದ್ದೆ, ಅವ್ವ ಹೂಂ ಅಂತಿದ್ಲು," ಎಂದಳು ಹುಡುಗಿ, ಕೈಯಲ್ಲಿದ್ದ ಕಾಳು ಬಟ್ಟಲಿಗೆ ಹಾಕುತ್ತ. "ಮೊನ್ನೆ ಫೋನ್‌ನ್ಯಾಗ ಹೇಳಿದೆ, ಡೈರಿಯಾಗ ಒಬ್ಬರ ಹಾಲಿನ ನಂಬರ್ ಇನ್ನೊಬ್ಬರಿಗೆ ಬರಬಾರದಲ್ಲ ಅವ್ವ, ಅದನ್ನ ಹಿಡಿಯೂ ಕೆಲಸ ನಂದು ಅಂತ. ಅದಕ್ಕ ಅವ್ವ ಏನಂದ್ಲು ಗೊತ್ತೇನ್ರಿ? ಅಷ್ಟು ಸಣ್ಣ ಕೆಲಸಕ್ಕ ಬೆಂಗ್ಳೂರಿಗೆ ಯಾಕ ಹೋದಿ, ಇಲ್ಲೇ ಡೈರಿಯಾಗ ನಿಂತು ನೋಡ್ಕೋಬಹುದಿತ್ತಲ್ಲ ಅಂದ್ಲು."

ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹುಡುಗಿಯೂ ನಕ್ಕಳು. ಒಳಗೆ ಕುಕ್ಕರ್ ಕೂಗಿತು. ಎದ್ದು ಹೋಗುತ್ತ ಹೆಂಡತಿ ನನ್ನ ಕಡೆ ತಿರುಗಿ, "ಕೈ ಆಡಿಸ್ರೀ, ಕೇಳ್ತಾ ಕೂತ್ಬಿಟ್ರಲ್ಲ," ಎಂದಳು. ನಾನು ಇನ್ನೊಂದು ಹಿಡಿ ಕಾಳು ಎಳೆದುಕೊಂಡೆ.